ಮಾವನ ಕಾರು ಮುಗ್ಗರಿಸುತ್ತಿದ್ದ ಕಾಲ

ನಮ್ಮ ಮಾವ ಸಾಗರದ ಕಡೆಯವರು, ಅಮ್ಮನ ದೊಡ್ಡಣ್ಣ. ಅಡಿಕೆ ತೋಟದ ನಡುವೆ ಹುಟ್ಟಿ, ಸುರತ್ಕಲ್ಲಿನ ಇಂಜಿನಿಯರಿಂಗ್ ಕಾಲೇಜಿನಲ್ಲಿ ಓದಿ, ಕ್ಯಾಲಿಫೋರ್ನಿಯಾದ ಸನಿವೇಲ್‌ಗೆ ಹೋಗಿ ಅಲ್ಲೇ ನೆಲೆಯೂರಿದರು. ಚಿಪ್ ತಯಾರಿಸುವ ಕಂಪನಿಯೊಂದರಲ್ಲಿ ಅವನ್ನು ಪರೀಕ್ಷೆ ಮಾಡುವ ಕೆಲಸ. ಬೆಳಿಗ್ಗೆ ಎದ್ದ ಕೂಡಲೆ ಅವರಿಗೆ ಕಾಫಿ ನಡೆಯುವುದಿಲ್ಲ, ಕಷಾಯವೇ ಆಗಬೇಕು. ಊರಿಂದ ಯಾರೇ ಬರಲಿ, ಅವರ ಪೆಟ್ಟಿಗೆಯಲ್ಲಿ ಕೊತ್ತಂಬರಿ, ಜೀರಿಗೆ, ಕಾಳುಮೆಣಸು ಹುರಿದು ಕುಟ್ಟಿದ ಪುಡಿಯ ಡಬ್ಬಿ ಇರಲೇಬೇಕು. ಹಾಲು ಬೆಲ್ಲ ಹಾಕಿ ಕುದಿಸಿದ ಕಷಾಯದ ಲೋಟ ಹಿಡಿದು, ಗ್ಯಾರೇಜಿನ ಬಾಗಿಲು ಮೇಲೆತ್ತಿ, ತಮ್ಮ ಕಾರಿನ ಮುಂದೆ ಸ್ವಲ್ಪ ಹೊತ್ತು ಸುಮ್ಮನೆ ನಿಂತು ಆಮೇಲೆ ಸ್ನಾನಕ್ಕೆ ಹೋಗುವವರು. ನಾನು ತೊಂಬತ್ತರ ದಶಕದಲ್ಲಿ ಕೆಲಸಕ್ಕೆಂದು ಆ ದೇಶಕ್ಕೆ ಹೋದಾಗ ಮೊದಲ ಕೆಲವು ತಿಂಗಳು ಅವರ ಮನೆಯಲ್ಲೇ ಇದ್ದೆ. ಈಗ ಹೇಳಹೊರಟಿರುವುದು ಆಗಿನ ಸಂಗತಿ.

ಕಾರು 1977ರ ಡಾಟ್ಸನ್ 280ಝಡ್. ಎರಡೇ ಸೀಟು, ಉದ್ದನೆಯ ಬಾನೆಟ್, ಅದರ ಕೆಳಗೆ ಸಾಲಾಗಿ ನಿಂತ ಆರು ಸಿಲಿಂಡರಿನ 2.8 ಲೀಟರ್ ಇಂಜಿನ್. ಬಣ್ಣ ಕಿತ್ತಳೆಯೋ ಇಟ್ಟಿಗೆಯೋ ಅಂತ ಅತ್ತೆಗೂ ಮಾವನಿಗೂ ಕೊನೆತನಕ ಒಮ್ಮತ ಬರಲಿಲ್ಲ. ಈ ಕಾರಿನ ವಂಶಾವಳಿಯೆಲ್ಲ ಮಾವನಿಗೆ ಬಾಯಿಪಾಠ. ಜಪಾನಿನಲ್ಲಿ ಇದಕ್ಕೆ ಫೇರ್‌ಲೇಡಿ ಅಂತ ಹೆಸರು. ಅಮೆರಿಕದಲ್ಲಿ ಕಂಪನಿಯ ವ್ಯವಹಾರ ನೋಡಿಕೊಳ್ಳುತ್ತಿದ್ದ ಯುತಾಕಾ ಕಟಾಯಾಮಾ ಎಂಬುವರು ಆ ಹೆಸರು ಇಲ್ಲಿ ಬೇಡ, ಬರೀ 240ಝಡ್ ಸಾಕು ಅಂದರಂತೆ. ‘ಮಿಸ್ಟರ್ ಕೆ’ ಅಂತಲೇ ಅವರು ಪ್ರಸಿದ್ಧರು. 2015ರಲ್ಲಿ, 105ರ ವಯಸ್ಸಿನಲ್ಲಿ ತೀರಿಕೊಂಡರು. ಆ ಸುದ್ದಿ ಓದಿದ ದಿನ ಮಾವ ನನಗೆ ಫೋನ್ ಮಾಡಿ ಬಹಳ ಹೊತ್ತು ಮಾತಾಡಿದ್ದರು. ಮನೆಯ ಹಿರಿಯರೊಬ್ಬರು ಹೋದಾಗಿನ ದನಿ ಅದು.

ಮೊದಲ 240 ಮತ್ತು 260ಗಳಿಗೆ ಎರಡೆರಡು ಕಾರ್ಬೊರೇಟರ್ ಇದ್ದವು. ಹೊಗೆಯ ಕಾನೂನು ಬಿಗಿಯಾಗುತ್ತಾ ಬಂತು. 1975ರಿಂದ ಅವನ್ನು ತೆಗೆದು ಫ್ಯುಯೆಲ್ ಇಂಜೆಕ್ಷನ್ ಕೂರಿಸಿದರು, ಬಾಷ್‌ನವರ ಎಲ್-ಜೆಟ್ರಾನಿಕ್ ಪದ್ಧತಿಯದು. ಅದರ ಕೆಲಸ ಹೇಗೆ ಅಂತ ಮಾವ ನನಗೆ ಅಡುಗೆಮನೆ ಮೇಜಿನ ಮೇಲೆ ಚಿತ್ರ ಬರೆದು ಹೇಳಿಕೊಟ್ಟಿದ್ದರು. ಇಂಜಿನ್ ಎಳೆಯುವ ಗಾಳಿಯೆಲ್ಲ ಮೊದಲು ಒಂದು ಅಲ್ಯೂಮಿನಿಯಂ ಪೆಟ್ಟಿಗೆ ದಾಟಿ ಹೋಗಬೇಕು. ಅದರೊಳಗೆ ಒಂದು ಕದ. ಬಚ್ಚಲುಮನೆಯ ಕಿಟಕಿ ಗಾಳಿಗೆ ತೆರೆದುಕೊಂಡ ಹಾಗೆ ಅದು ಗಾಳಿ ಬಂದಷ್ಟು ತೆರೆಯುತ್ತದೆ, ಹಿಂದಕ್ಕೆ ಎಳೆಯಲು ಒಂದು ಸ್ಪ್ರಿಂಗ್. ಕದ ಎಷ್ಟು ತೆರೆದಿದೆ ಅಂತ ಚಾಲಕನ ಎಡಗಾಲಿನ ಪಕ್ಕ ಅಡಗಿರುವ ಕಂಪ್ಯೂಟರಿಗೆ ತಂತಿಯಲ್ಲಿ ಸುದ್ದಿ ಹೋಗುತ್ತದೆ. ಅದು ಲೆಕ್ಕ ಹಾಕಿ, ಇಂಜೆಕ್ಟರುಗಳು ಇಷ್ಟು ಮಿಲಿಸೆಕೆಂಡ್ ಬಾಯಿ ತೆರೆಯಲಿ ಅಂತ ಹೇಳುತ್ತದೆ. ಕ್ರ್ಯಾಂಕ್ ಒಂದು ಸುತ್ತು ತಿರುಗಿದರೆ ಆರೂ ಇಂಜೆಕ್ಟರುಗಳು ಒಟ್ಟಿಗೇ ಒಂದು ಸಲ ಪೆಟ್ರೋಲ್ ಚಿಮ್ಮಿಸುತ್ತವೆ. ‘ಆರೂ ಒಟ್ಟಿಗೇ’ ಅನ್ನುವುದನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ತೊಂದರೆ ಶುರುವಾದದ್ದು ಯಾವಾಗ ಅಂತ ಸರಿಯಾಗಿ ಹೇಳಲಾರೆ. ಗುಡ್ಡಗಳ ಹುಲ್ಲೆಲ್ಲ ಒಣಗಿ ಹೊಂಬಣ್ಣಕ್ಕೆ ತಿರುಗಿತ್ತು, ಹಾಗಾಗಿ ಬೇಸಿಗೆಯೇ ಇರಬೇಕು. ಆ ಸೀಮೆಯಲ್ಲಿ ಮಳೆ ಬರುವುದು ಚಳಿಗಾಲದಲ್ಲಿ, ಬೇಸಿಗೆಯಲ್ಲಿ ಹನಿಯೂ ಇಲ್ಲ. ಮಲೆನಾಡಿನಿಂದ ಹೋದ ನನಗೆ ಅದು ತಲೆಕೆಳಗಾದ ಲೋಕ. ಬೆಳಿಗ್ಗೆ ತಣ್ಣಗಿದ್ದಾಗ ಕಾರು ಚೆನ್ನಾಗಿ ಸ್ಟಾರ್ಟ್ ಆಗುತ್ತಿತ್ತು. ಆಕ್ಸಿಲರೇಟರ್ ಪೂರ್ತಿ ತುಳಿದರೆ ಗುಂಡು ಹೊಡೆದಂತೆ ಓಡುತ್ತಿತ್ತು. ಆದರೆ ಇಂಜಿನ್ ಕಾದ ಮೇಲೆ, ಸಮ ರಸ್ತೆಯಲ್ಲಿ, ಕಾಲು ಹಗುರಾಗಿ ಇಟ್ಟು ಆರಾಮಾಗಿ ಹೋಗುತ್ತಿರುವಾಗ ಇದ್ದಕ್ಕಿದ್ದ ಹಾಗೆ ಒಂದು ಜರ್ಕ್. ಇಡೀ ಗಾಡಿ ಮುಗ್ಗರಿಸಿ, ಮುಂದೆ ಬಾಗಿ, ಮತ್ತೆ ಏನೂ ಆಗದ ಹಾಗೆ ನಡೆಯುವುದು. ಒಂದು ದಿನ ನಾಲ್ಕಾರು ಸಲ ಬರುವುದು, ಮರುದಿನ ಬರುವುದೇ ಇಲ್ಲ.

ಮಾವ ಅದನ್ನು ಮೊದಲು ಒಂದು ವರ್ಕ್‌ಶಾಪಿಗೆ ಒಯ್ದರು. ಅವರು ಪ್ಲಗ್ ಬದಲಾಯಿಸಿದರು, ಪ್ಲಗ್ ವಯರ್ ಬದಲಾಯಿಸಿದರು, ಡಿಸ್ಟ್ರಿಬ್ಯೂಟರ್ ಕ್ಯಾಪ್ ಬದಲಾಯಿಸಿದರು, ಕೊನೆಗೆ ಪೆಟ್ರೋಲ್ ಪಂಪನ್ನೂ ಬದಲಾಯಿಸಿದರು. ಬಿಲ್ ಬೆಳೆಯಿತು, ಜರ್ಕ್ ಇದ್ದಲ್ಲೇ ಇತ್ತು. ಒಂದನ್ನೂ ಅಳೆದು ನೋಡಿರಲಿಲ್ಲ ಅನ್ನುವುದು ಮಾವನಿಗೆ ದುಡ್ಡಿಗಿಂತ ಹೆಚ್ಚು ನೋವು ಕೊಟ್ಟಿತು. ನನಗೂ ಇವತ್ತಿಗೂ ಆ ರೀತಿಯ ರಿಪೇರಿ ಕಂಡರೆ ಸಂಕಟವಾಗುತ್ತದೆ.

ಕನ್ನಡ ಕೂಟದ ಊಟದ ಪಂಕ್ತಿಯಲ್ಲಿ ಈ ಮಾತು ಬಂದಾಗ ಒಬ್ಬೊಬ್ಬರದು ಒಂದೊಂದು ಸಲಹೆ. ಟ್ಯಾಂಕಿನಲ್ಲಿ ನೀರು ಸೇರಿದೆ ಅಂತ ಒಬ್ಬರು. ಈ ಹಳೇ ಇಂಜೆಕ್ಷನ್ನೇ ಕಿತ್ತು ಹಾಕಿ ವೆಬರ್ ಕಾರ್ಬೊರೇಟರ್ ಕೂರಿಸಿಬಿಡಿ ಅಂತ ಇನ್ನೊಬ್ಬರು. ಹಾಗೆ ಮಾಡಿದವರು ಬೇಕಾದಷ್ಟು ಜನ ಇದ್ದರು, ನಿಜ. ಆದರೆ ಕ್ಯಾಲಿಫೋರ್ನಿಯಾದಲ್ಲಿ ಇಂಥ ಗಾಡಿ ಎರಡು ವರ್ಷಕ್ಕೊಮ್ಮೆ ಸ್ಮಾಗ್ ಪರೀಕ್ಷೆ ಪಾಸಾಗಬೇಕು. ಬಾನೆಟ್ ಎತ್ತಿ ನೋಡಿ, ಕಾರ್ಖಾನೆಯಲ್ಲಿ ಕೂರಿಸಿದ ಸಾಮಾನು ಇಲ್ಲದಿದ್ದರೆ ಫೇಲ್ ಮಾಡುತ್ತಾರೆ. ಮಾವನಿಗೆ ಕಾನೂನಿನ ಮಾತು ಆಮೇಲಿನದು. ‘ಅಷ್ಟು ಒಳ್ಳೇ ವ್ಯವಸ್ಥೆ, ಇಪ್ಪತ್ತು ವರ್ಷ ದುಡಿದಿದೆ, ಅದರ ತಪ್ಪೇನು ಅಂತ ತಿಳೀದೇ ಕಿತ್ತು ಬಿಸಾಕೋದು ಅಂದ್ರೆ ಎಂತ ಮಾರಾಯ’ ಅಂತ ಹೋಳಿಗೆ ತಟ್ಟೆ ಹಿಡಿದುಕೊಂಡೇ ವಾದಿಸಿದ್ದು ನೆನಪಿದೆ.

ಪಕ್ಕದ ಮನೆಯಲ್ಲಿ ಮೆಕ್ಸಿಕೋ ಮೂಲದ ಒಬ್ಬ ಅಜ್ಜ ಇದ್ದರು. ಸನಿವೇಲ್ ಸುತ್ತ ಕಂಪನಿಗಳು ಏಳುವ ಮೊದಲು ಅಲ್ಲೆಲ್ಲ ಏಪ್ರಿಕಾಟ್, ಪ್ಲಮ್ ತೋಟಗಳು. ಹುಡುಗರಾಗಿದ್ದಾಗ ಅಲ್ಲಿ ಹಣ್ಣು ಕೀಳುವ ಕೆಲಸ ಮಾಡಿ, ಆಮೇಲೆ ಗ್ಯಾರೇಜು ಸೇರಿ, ಜಪಾನಿ ಕಾರುಗಳ ರಿಪೇರಿಯಲ್ಲೇ ಕೂದಲು ನರೆಸಿಕೊಂಡವರು. ನಿವೃತ್ತರಾಗಿದ್ದರು. ಕಿವಿ ಸ್ವಲ್ಪ ಮಂದ, ಆದರೆ ಇಂಜಿನ್ ಸದ್ದು ಮಾತ್ರ ಹೇಗೋ ಸ್ಪಷ್ಟವಾಗಿ ಕೇಳುತ್ತಿತ್ತು. ಹಿತ್ತಲಲ್ಲಿ ಉಳಿಸಿಕೊಂಡಿದ್ದ ಒಂದೇ ಏಪ್ರಿಕಾಟ್ ಮರದ ಹಣ್ಣನ್ನು ಸೀಳಿ, ಹಲಗೆಯ ಮೇಲೆ ಬಿಸಿಲಿಗೆ ಹರವಿ, ಒಣಗಿದ ಮೇಲೆ ಓಣಿಗೆಲ್ಲ ಹಂಚುವರು. ಆ ಹಲಗೆ ಕಾಯುತ್ತಾ ಕೂತಿದ್ದಾಗಲೇ ಮಾವ ಅವರಿಗೆ ಜರ್ಕಿನ ಕಥೆ ಹೇಳಿದ್ದು.

ಅಜ್ಜ ಎಲ್ಲ ಕೇಳಿಸಿಕೊಂಡು, ಬದಲಾಯಿಸಿದ ಸಾಮಾನಿನ ಪಟ್ಟಿಯನ್ನು ಕೈಯಲ್ಲೇ ತಳ್ಳಿಹಾಕಿದರು. ಅವರು ಹೇಳಿದ್ದರ ತಾತ್ಪರ್ಯ ಇಷ್ಟು: ರಿಪೇರಿ ಆಮೇಲೆ, ಮೊದಲು ಈ ಜರ್ಕನ್ನು ಬೇಕೆಂದಾಗ ಬರಿಸುವುದು ಹೇಗೆ ಅಂತ ಕಲಿಯಿರಿ. ಅದು ಬರುವ ಹೊತ್ತಿಗೆ ಏನೇನು ಅಲುಗುತ್ತದೆ, ಏನೇನು ಅಲುಗುವುದಿಲ್ಲ ಅಂತ ನೋಡಿ.

ಇದರಷ್ಟು ದೊಡ್ಡ ಮಾತು ನಾನು ನನ್ನ ಕೆಲಸದಲ್ಲೂ ಯಾರ ಬಾಯಲ್ಲೂ ಕೇಳಿಲ್ಲ. ಮಾವನಂತೂ ಅವತ್ತೇ ಹೊಸ ನೋಟ್‌ಬುಕ್ ತೆಗೆದರು.

ಆ ವಾರದಲ್ಲೇ ಇರಬೇಕು, ಮೂರೂ ಜನ ಎರಡು ಕಾರಿನಲ್ಲಿ ಸ್ಕೈಲೈನ್ ರಸ್ತೆಗೆ ಹೋದೆವು. ಸಾಂತಾಕ್ರೂಜ್ ಬೆಟ್ಟಸಾಲಿನ ನೆತ್ತಿಯ ಮೇಲೆ ಹೋಗುವ ರಸ್ತೆ ಅದು. ಒಂದು ಕಡೆ ಕಣಿವೆ, ಇನ್ನೊಂದು ಕಡೆ ಕಡಲು. ಮಧ್ಯಾಹ್ನ ಕಳೆಯುತ್ತಲೇ ಕಡಲಿನಿಂದ ಮಂಜು ಎದ್ದು ರೆಡ್‌ವುಡ್ ಮರಗಳ ನಡುವೆ ನುಗ್ಗುತ್ತದೆ. ಆಗುಂಬೆ ಬಿಟ್ಟರೆ ಅಂಥ ಮಂಜು ನಾನು ಕಂಡದ್ದು ಅಲ್ಲೇ. ಅತ್ತೆ ಕಟ್ಟಿಕೊಟ್ಟ ಮೆಂತ್ಯದ ಚಪಾತಿ, ಅಪ್ಪೆಮಿಡಿ ಉಪ್ಪಿನಕಾಯಿ ಇತ್ತು. ಅಜ್ಜ ಒಂದು ಮಿಡಿಯನ್ನು ಇಡಿಯಾಗಿ ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದರು. ಆಮೇಲೆ ವಾಟೆ ಚೀಪುತ್ತಲೇ ಕೆಲಸ ಮಾಡಿದರು.

ಪೆಟ್ರೋಲ್ ಪೈಪಿಗೆ ಪ್ರೆಶರ್ ಗೇಜ್ ಜೋಡಿಸಿ, ಅದರ ಹೋಸನ್ನು ಬಾನೆಟ್ಟಿನ ಸಂದಿಯಿಂದ ಹೊರಗೆ ತಂದು, ಗೇಜನ್ನು ಹೊರಗಡೆಯಿಂದ ಗಾಜಿನ ಮೇಲೆ ವೈಪರಿನ ಕೆಳಗೆ ಟೇಪು ಹಾಕಿ ಸಿಗಿಸಿದರು. ಪೆಟ್ರೋಲ್ ತುಂಬಿದ ಹೋಸು ಯಾವ ಕಾರಣಕ್ಕೂ ಒಳಗೆ ಬರಕೂಡದು ಅಂತ ಅಜ್ಜನ ಕಟ್ಟಪ್ಪಣೆ. ಮಾವ ಸ್ಟೀರಿಂಗ್ ಹಿಡಿದರು. ನನಗೆ ಎರಡು ಮುಳ್ಳು ನೋಡುವ ಕೆಲಸ. ಒಂದು ಗೇಜಿನದು, ಇನ್ನೊಂದು ಡ್ಯಾಶ್‌ಬೋರ್ಡಿನ ಆರ್‌ಪಿಎಂ ಮೀಟರಿನದು.

‘ಮಾಣಿ, ರಸ್ತೆ ನೋಡಬೇಡ. ಮುಳ್ಳು ಬಿಟ್ಟು ಕಣ್ಣು ತೆಗೀಬೇಡ’ ಅಂದರು ಮಾವ.

ನಾಲ್ಕನೇ ಗೇರ್, ಗಂಟೆಗೆ 40 ಮೈಲಿ, ಕಾಲು ಹಗುರ. ಬಂತು ಜರ್ಕ್. ಸ್ವಲ್ಪ ಕಾಲು ಒತ್ತಿದರೆ ಇಲ್ಲ. ಮತ್ತೆ ಬಿಟ್ಟು ಅದೇ ಜಾಗಕ್ಕೆ ತಂದರೆ ಬಂತು. ಎರಡು ಮುಳ್ಳೂ ಅಲುಗಲಿಲ್ಲ.

ಇದರ ಅರ್ಥವನ್ನು ಅಜ್ಜ ವ್ಯೂ ಪಾಯಿಂಟಿನ ಕಟ್ಟೆಯ ಮೇಲೆ ಕೂತು ಬಿಡಿಸಿ ಹೇಳಿದರು. ಆ ಕಾರಿನಲ್ಲಿ ಆರ್‌ಪಿಎಂ ಮೀಟರಿಗೆ ಸುದ್ದಿ ಬರುವುದು ಇಗ್ನಿಷನ್ ಕಾಯಿಲಿನಿಂದ. ಕಾಯಿಲಿನ ಕಡೆ ಒಂದು ಕ್ಷಣ ಕರೆಂಟ್ ಕೈಕೊಟ್ಟಿದ್ದರೆ ಆ ಮುಳ್ಳು ಫಕ್ಕನೆ ಕೆಳಗೆ ಬೀಳಬೇಕಿತ್ತು. ಬೀಳಲಿಲ್ಲ. ಒಂದು ಪ್ಲಗ್ ಕೆಟ್ಟಿದ್ದರೆ ಒಂದೇ ಸಿಲಿಂಡರ್ ತಾಳ ತಪ್ಪಿ ಟಪ್ ಟಪ್ ಅಂತ ಮಿಸ್ ಹೊಡೆಯಬೇಕು. ಇಲ್ಲಿ ಆರೂ ಒಟ್ಟಿಗೆ ಉಸಿರು ಹಿಡಿಯುತ್ತವೆ. ಪಂಪೋ ಫಿಲ್ಟರೋ ಆಗಿದ್ದರೆ ಪ್ರೆಶರ್ ಇಳಿಯಬೇಕಿತ್ತು. ಅದೂ ಇಳಿಯಲಿಲ್ಲ. ಹಾಗಾದರೆ ಕಿಡಿ ಇದೆ, ಪೆಟ್ರೋಲ್ ಬಾಗಿಲಿಗೆ ಬಂದು ನಿಂತಿದೆ, ಬಾಗಿಲು ತೆರೆಯುವ ಅಪ್ಪಣೆ ಮಾತ್ರ ತಪ್ಪುತ್ತಿದೆ.

ಪ್ಲಗ್ ಅಂದಾಗ ನೆನಪಾಯಿತು. ಬಾಷ್ ಹೆಸರು ಕೇಳಿದರೆ ಮಾವನಿಗೆ ಬೆಂಗಳೂರಿನ ಆಡುಗೋಡಿ ನೆನಪಾಗುತ್ತಿತ್ತು. 1951ರಲ್ಲಿ ಶುರುವಾದ ಮೈಕೊ ಬಾಷ್‌ನವರದೇ ಅಲ್ಲವೇ. ನಮ್ಮ ಕಡೆ ಸ್ಪಾರ್ಕ್ ಪ್ಲಗ್ ಅಂದರೆ ಮೈಕೊ ಪ್ಲಗ್ಗೇ. ಅಜ್ಜನ, ಅಂದರೆ ನಮ್ಮ ತಾಯಿಯ ತಂದೆಯ, ಹಳೇ ಜೀಪಿಗೆ ಮಾವ ಹುಡುಗರಾಗಿದ್ದಾಗ ಪ್ಲಗ್ ಬಿಚ್ಚಿ, ಮರಳುಕಾಗದದಲ್ಲಿ ಉಜ್ಜಿ, ಒಲೆಯ ಕೆಂಡದ ಪಕ್ಕ ಒಣಗಿಸಿ ಹಾಕುತ್ತಿದ್ದರಂತೆ. ಮಳೆಗಾಲದ ಬೆಳಿಗ್ಗೆ ಅದಿಲ್ಲದೆ ಜೀಪು ಎದ್ದೇಳುತ್ತಿರಲಿಲ್ಲ. ಆ ಕಂಪನಿಯ ಹೆಸರು ಬಾಷ್ ಲಿಮಿಟೆಡ್ ಅಂತ ಆದದ್ದು ಬಹಳ ಆಮೇಲೆ, 2008ರಲ್ಲಿ. ಇರಲಿ, ಎಲ್ಲಿಂದೆಲ್ಲಿಗೋ ಹೋದೆ.

ಮನೆಗೆ ಬಂದ ಮೇಲೆ ಅಜ್ಜ ಗಾಳಿಯ ಸರದಿ ಹಿಡಿದರು. ಇಂಜಿನ್ ಚಾಲೂ ಇಟ್ಟು ಆಯಿಲ್ ತುಂಬುವ ಮುಚ್ಚಳ ತಿರುಗಿಸಿ ತೆಗೆದರು. ಇಂಜಿನ್ ತಡವರಿಸಿ ಆರಿಹೋಯಿತು. ಮಾವ ಗಾಬರಿಯಾದರೆ ಅಜ್ಜ ಮುಗುಳ್ನಕ್ಕರು, ಹಾಗೇ ಆಗಬೇಕು ಅಂದರು. ಈ ಪದ್ಧತಿಯಲ್ಲಿ ಕದ ದಾಟದೆ, ಲೆಕ್ಕಕ್ಕೆ ಸಿಗದೆ ಗಾಳಿ ಒಳಗೆ ನುಗ್ಗಿದರೆ ಪೆಟ್ರೋಲ್ ಸಾಲದೆ ಇಂಜಿನ್ ನಿಲ್ಲಬೇಕು. ಮುಚ್ಚಳ ತೆಗೆದರೂ ಏನೂ ಬದಲಾಗಲಿಲ್ಲ ಅಂದರೆ ಮೊದಲೇ ಬೇರೆಲ್ಲೋ ಗಾಳಿ ಕದಿಯುತ್ತಿದೆ ಅಂತ ಅರ್ಥ. ಕದದ ಪೆಟ್ಟಿಗೆಯಿಂದ ಇಂಜಿನ್ನಿಗೆ ಹೋಗುವ ಮಡಿಕೆ ಮಡಿಕೆಯ ರಬ್ಬರ್ ಕೊಳವೆಯನ್ನು ಬಗ್ಗಿಸಿ, ಒಂದೊಂದೇ ಮಡಿಕೆಯೊಳಗೆ ಬೆರಳಾಡಿಸಿ ನೋಡಿದರು. ಬಿರುಕಿಲ್ಲ.

ಇನ್ನು ಉಳಿದದ್ದು ತಂತಿ. ಥರ್ಮೋಸ್ಟ್ಯಾಟ್ ಹತ್ತಿರ ನೀರಿನ ಬಿಸಿ ಅಳೆಯುವ ಒಂದು ಪುಟ್ಟ ಸೆನ್ಸರ್ ಇದೆ. ತಣ್ಣಗಿದ್ದಾಗ ಅದರ ತಡೆ ಸುಮಾರು 2,500 ಓಮ್, ಇಂಜಿನ್ ಕಾದ ಮೇಲೆ 300ರ ಆಸುಪಾಸು. ಮಾವ ಕಂಪ್ಯೂಟರಿನ 35 ಪಿನ್ನಿನ ಕನೆಕ್ಟರ್ ಬಿಚ್ಚಿ, ಆ ತುದಿಯಿಂದ ಅಳೆದರು. ಹೆಚ್ಚು ತೋರಿಸಿತು. ಸೆನ್ಸರಿನ ಬುಡದಲ್ಲೇ ಅಳೆದರೆ ಸರಿಯಾಗಿತ್ತು. ನಡುವಿನ ಕನೆಕ್ಟರಿನಲ್ಲಿ ಹಸಿರು ಕಿಲುಬು ಕೂತಿತ್ತು. ಕಿಲುಬಿನ ತಡೆಯೂ ಸೇರಿ, ಇಂಜಿನ್ ಇನ್ನೂ ತಣ್ಣಗಿದೆ ಅಂತ ಕಂಪ್ಯೂಟರ್ ತಿಳಿದು ಹೆಚ್ಚು ಪೆಟ್ರೋಲ್ ಕೊಡುತ್ತಿತ್ತು. ಪ್ಲಗ್ಗುಗಳು ಕಪ್ಪಾಗಿದ್ದದ್ದು ಅದಕ್ಕೇ. ಮಾವ ಹೊಸ ಕನೆಕ್ಟರ್ ತಂದು ಬೆಸುಗೆ ಹಾಕಿ ಕೂರಿಸಿದರು. ಕೆಲಸ ಮುಗಿಯಿತು ಅಂತ ಅತ್ತೆ ಪಾಯಸಕ್ಕೆ ಹಾಲಿಟ್ಟರು.

ಜರ್ಕ್ ಮೊದಲಿಗಿಂತ ಜೋರಾಗಿ ಬಂತು. ಪಾಯಸ ತಿನ್ನುವಾಗ ಮಾವ ಒಂದು ಮಾತೂ ಆಡಲಿಲ್ಲ.

ಅಜ್ಜನಿಗೆ ಮಾತ್ರ ಬಹಳ ಖುಷಿ. ಇಷ್ಟು ದಿನ ಹೆಚ್ಚಾಗಿ ಹೋಗುತ್ತಿದ್ದ ಪೆಟ್ರೋಲ್ ಇನ್ನೊಂದು ತಪ್ಪನ್ನು ಮುಚ್ಚಿಟ್ಟಿತ್ತು, ಈಗ ಅದು ಬಯಲಿಗೆ ಬಂತು, ಇನ್ನು ಕರೆದಾಗಲೆಲ್ಲ ಬರುತ್ತದೆ ಅಂದರು. ಕಾರಿನಲ್ಲಿ ಎರಡು ಕಾಯಿಲೆ ಒಟ್ಟಿಗಿದ್ದರೆ ಒಂದು ವಾಸಿಯಾದಾಗ ಗಾಡಿ ಇನ್ನಷ್ಟು ಕೆಟ್ಟ ಹಾಗೆ ಕಾಣುತ್ತದೆ. ಎಷ್ಟೋ ಜನ ಅಲ್ಲೇ ಧೈರ್ಯಗೆಟ್ಟು ಸರಿಮಾಡಿದ್ದನ್ನೂ ಕೆಡಿಸಿಬಿಡುತ್ತಾರಂತೆ.

ಆ ರಾತ್ರಿಯೋ ಮರುದಿನವೋ, ಅಜ್ಜನ ಹೆಂಡತಿ ತಮಾಲೆ ಕಳಿಸಿದ್ದರು. ನಾವು ಮಾಂಸ ತಿನ್ನುವುದಿಲ್ಲ ಅಂತ ಗೊತ್ತಿದ್ದರಿಂದ ಚೀಸು, ಹಸಿಮೆಣಸು ತುಂಬಿ, ಹಂದಿಕೊಬ್ಬಿನ ಬದಲು ಎಣ್ಣೆ ಹಾಕಿ ಬೇರೆಯಾಗಿ ಮಾಡಿದ್ದು. ಮುಸುಕಿನ ಜೋಳದ ಸಿಪ್ಪೆಯಲ್ಲಿ ಸುತ್ತಿ ಹಬೆಯಲ್ಲಿ ಬೇಯಿಸುತ್ತಾರೆ. ಅತ್ತೆ ಆ ಸಿಪ್ಪೆಯನ್ನು ತಿರುಗಿಸಿ ಮುರುಗಿಸಿ ನೋಡಿದರು. ಅರಿಶಿನದ ಎಲೆ ಸಿಗದೆ ಅವರು ಕಡುಬು ಮಾಡುವುದನ್ನೇ ಬಿಟ್ಟಿದ್ದರು. ಆ ವಾರ ಜೋಳದ ಸಿಪ್ಪೆಯಲ್ಲಿ ಕಾಯಿಬೆಲ್ಲದ ಕಡುಬು ಮಾಡಿ ಬೇಲಿಯಾಚೆ ಕಳಿಸಿದರು. ಅರಿಶಿನ ಎಲೆಯ ಘಮ ಇರಲಿಲ್ಲ, ಆದರೂ ಅದು ಕಡುಬೇ ಆಗಿತ್ತು.

ಕದದ ಪೆಟ್ಟಿಗೆ ಬಿಚ್ಚಿದ್ದು ಒಂದು ಭಾನುವಾರ, ಅಡುಗೆಮನೆ ಮೇಜಿನ ಮೇಲೆ, ಹಳೇ ಪೇಪರ್ ಹಾಸಿ. ಅಜ್ಜ ತಮ್ಮ ಹಳೇ ಮೀಟರ್ ತಂದಿದ್ದರು, ಮುಳ್ಳಿನದು. ಮಾವನ ಹತ್ತಿರ ಒಳ್ಳೇ ಡಿಜಿಟಲ್ ಮೀಟರ್ ಇತ್ತು. ಆದರೆ ಅಂಕಿ ಬದಲಾಗುವಷ್ಟರಲ್ಲಿ ತಪ್ಪು ಕಳೆದುಹೋಗಿರುತ್ತದೆ, ಮುಳ್ಳು ಹಾಗಲ್ಲ, ಕೂಡಲೆ ಹೇಳುತ್ತದೆ ಅಂದರು ಅಜ್ಜ. ತಂತಿ ಜೋಡಿಸಿ, ಕದವನ್ನು ಬೆರಳಿನಿಂದ ಮೆಲ್ಲಗೆ ತಳ್ಳುತ್ತಾ ಹೋದರು. ಮುಳ್ಳು ನಯವಾಗಿ ಏರಿತು, ಏರಿತು, ಕದ ಸ್ವಲ್ಪವೇ ತೆರೆದಿದ್ದ ಒಂದು ಜಾಗದಲ್ಲಿ ಫಕ್ಕನೆ ಬಿತ್ತು, ಮತ್ತೆ ಎದ್ದು ಏರಿತು. ಹಿಂದಕ್ಕೆ ತಂದು ಮತ್ತೆ ತಳ್ಳಿದರು. ಅದೇ ಜಾಗದಲ್ಲಿ ಬಿತ್ತು. ಮಾವ ಕುರ್ಚಿಯಿಂದ ಎದ್ದು ನಿಂತರು.

ಮೇಲಿನ ಕಪ್ಪು ಪ್ಲಾಸ್ಟಿಕ್ ಮುಚ್ಚಳಕ್ಕೆ ಸಿಲಿಕೋನ್ ಅಂಟು ಬಳಿದಿತ್ತು. ಬ್ಲೇಡಿನಿಂದ ಸುತ್ತಲೂ ಸೀಳಿ ಎತ್ತಿದರು. ಒಳಗೆ ಸುರುಳಿ ಸ್ಪ್ರಿಂಗ್, ಅದರ ಬಿಗಿ ನಿರ್ಧರಿಸುವ ಹಲ್ಲಿನ ಚಕ್ರ, ಕದದ ಜೊತೆ ತಿರುಗುವ ತೆಳ್ಳನೆಯ ತೋಳು, ಆ ತೋಳಿನ ತುದಿ ಉಜ್ಜಿಕೊಂಡು ಹೋಗುವ ಕಮಾನಿನಾಕಾರದ ಕಪ್ಪು ಇಂಗಾಲದ ಪಟ್ಟಿ. ಅತ್ತೆ ಹಪ್ಪಳ ಕರಿಯುವುದು ನಿಲ್ಲಿಸಿ ಕನ್ನಡಕ ಹಾಕಿಕೊಂಡು ಬಂದು ಬಗ್ಗಿದರು. ಮೊದಲು ಕಂಡದ್ದು ಅವರಿಗೇ. ‘ಇಲ್ಲಿ ನೋಡಿ, ಇಲ್ಲಿ ಬೆಳ್ಳಗೆ ಗೀರು ಬಿದ್ದಿದೆ’ ಅಂದರು. ಪಟ್ಟಿಯ ಉಳಿದ ಭಾಗವೆಲ್ಲ ಮಾಸಲು ಕಪ್ಪು, ಆ ಒಂದು ಕಡೆ ಕೂದಲೆಳೆಯಷ್ಟು ಅಗಲ ಇಂಗಾಲ ಸವೆದು ತಳ ಹೊಳೆಯುತ್ತಿತ್ತು. ಇಪ್ಪತ್ತು ವರ್ಷ ಹದವಾದ ವೇಗದಲ್ಲಿ ಓಡಿದ ಕಾರು. ಆ ವೇಗದಲ್ಲಿ ಕದ ನಿಲ್ಲುವ ಜಾಗ ಅದು. ತೋಳು ಅಲ್ಲೇ ಅದುರುತ್ತಾ ಅದುರುತ್ತಾ ಉಜ್ಜಿದೆ. ಇದು ಮಾಡಿದವರ ತಪ್ಪಲ್ಲ, ವಯಸ್ಸು.

ಸವೆದದ್ದನ್ನು ತುಂಬಿಸಲು ಬರುವುದಿಲ್ಲ. ಆದರೆ ಪಟ್ಟಿಯಿರುವ ಹಲಗೆಯ ಸ್ಕ್ರೂ ಸಡಿಲಿಸಿ ಒಂಚೂರು ಜರುಗಿಸಿದರೆ ತೋಳು ಸವೆಯದ ಹಾದಿಯಲ್ಲಿ ಓಡುತ್ತದೆ. ಅಜ್ಜ ಮೊದಲು ಇದ್ದ ಜಾಗಕ್ಕೆ ಪೆನ್ಸಿಲಿನಲ್ಲಿ ಗೆರೆ ಹಾಕಿಸಿದರು. ಹಲ್ಲಿನ ಚಕ್ರದ ಹತ್ತಿರ ಕೈ ಹೋಗದಂತೆ ಅದರ ಮೇಲೆ ಒಂದು ತುಂಡು ಟೇಪು ಅಂಟಿಸಿದರು. ಒಂದು ಹಲ್ಲು ಆಚೀಚೆ ಆದರೂ ಇಡೀ ಲೆಕ್ಕ ತಪ್ಪುತ್ತದೆ. ಮಾವನ ಕೈ, ದಿನವಿಡೀ ಚಿಪ್ಪಿನ ಸೂಜಿಮೊನೆಗಳ ಜೊತೆ ಪಳಗಿದ ಕೈ, ಉಸಿರು ಬಿಗಿಹಿಡಿದು ಆ ಹಲಗೆಯನ್ನು ಜರುಗಿಸಿತು. ಮತ್ತೆ ಮೀಟರ್ ಹಚ್ಚಿದರು. ಮುಳ್ಳು ಬುಡದಿಂದ ತುದಿಯವರೆಗೆ ಎಲ್ಲೂ ತಡೆಯದೆ ಏರಿತು. ‘ಇನ್ನೊಂದ್ಸಲ’ ಅಂದರು ಮಾವ. ಇನ್ನೊಂದು ಸಲವೂ ಹಾಗೇ.

ಸಂಜೆ ಬಿಸಿಲಿರುವಾಗಲೇ 84ನೇ ಹೆದ್ದಾರಿ ಹಿಡಿದು, ಲಾ ಹೋಂಡಾ ದಾಟಿ, ಸ್ಯಾನ್ ಗ್ರೆಗೋರಿಯೊ ಕಡಲತಡಿಯವರೆಗೆ ಹೋದೆವು. ನಾಲ್ಕನೇ ಗೇರ್, 40 ಮೈಲಿ, ಕಾಲು ಹಗುರ. ಮಾವ ಅದೇ ಜಾಗಕ್ಕೆ ತಂದು ತಂದು ಕಾದರು. ಬರಲಿಲ್ಲ. ಬರುವಾಗ ಹತ್ತುವ ತಿರುವುಗಳಲ್ಲಿ ನನಗೇ ಓಡಿಸಲು ಕೊಟ್ಟರು. ಆ ಆರು ಸಿಲಿಂಡರಿನ ಸದ್ದು ಮರಗಳ ನಡುವೆ ಒಂದೇ ಎಳೆಯಾಗಿ ಹರಿದದ್ದನ್ನು ನಾನು ಮರೆಯುವ ಹಾಗಿಲ್ಲ.

ಆ ಸಲದ ಸ್ಮಾಗ್ ಪರೀಕ್ಷೆ ಸಲೀಸಾಗಿ ಪಾಸಾಯಿತು, ಕನೆಕ್ಟರ್ ಸರಿಹೋಗಿ ಪೆಟ್ರೋಲ್ ಹದಕ್ಕೆ ಬಂದಿತ್ತಲ್ಲ. ಮಾವ ಗುಜರಿಯಿಂದ ಅಂಥದೇ ಇನ್ನೊಂದು ಪೆಟ್ಟಿಗೆ ತಂದು, ಮುಳ್ಳಿನ ಮೀಟರಿನಲ್ಲಿ ಪರೀಕ್ಷಿಸಿ, ಬಟ್ಟೆಯಲ್ಲಿ ಸುತ್ತಿ ಕಪಾಟಿನಲ್ಲಿಟ್ಟರು. ಎಷ್ಟೋ ವರ್ಷದ ಮೇಲೆ ಗಿಲ್ರಾಯ್ ಕಡೆಯ ಒಬ್ಬ ಹುಡುಗನಿಗೆ ಕಾರು ಮಾರಿದಾಗ ಆ ಪೆಟ್ಟಿಗೆಯನ್ನೂ ನೋಟ್‌ಬುಕ್ಕನ್ನೂ ಜೊತೆಗೆ ಕೊಟ್ಟರಂತೆ. ನೋಟ್‌ಬುಕ್ ಕನ್ನಡದಲ್ಲಿತ್ತು. ಹುಡುಗನಿಗಾಗಿ ಮಾವ ಕೂತು ಅದನ್ನು ಇಂಗ್ಲಿಷಿನಲ್ಲಿ ಬರೆದುಕೊಟ್ಟರು, ಒಂದು ಓಮ್ ಕೂಡ ಬಿಡದೆ.